ಅರವತ್ತಕ್ಕೆ ಮೂರು ಕಡಿಮೆ

ನಾನು ಸುರಪುರದಿಂದ ಶಹಾಪುರಕ್ಕೆ ದಿನವೂ ಬಸ್ಸಿನಲ್ಲಿ ಓಡಾಡುವವಳು. ಅಲ್ಲಿನ ಪದವಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುತ್ತೇನೆಂದು ತಿಳಿದರೆ ಸಾಕು, ಪಕ್ಕದ ಸೀಟಿನವರು ಕಂಡಕ್ಟರಿಗೆ ತೋರಿಸಲು ಆಧಾರ್ ಕಾರ್ಡು ಹುಡುಕುವುದನ್ನೂ ಬಿಟ್ಟು ಮಗನ, ಮಗಳ, ಅಳಿಯನ ತಮ್ಮನ ಅಂಕಗಳನ್ನೆಲ್ಲ ನನ್ನ ಮುಂದೆ ಹರವುತ್ತಾರೆ. ಹಾಗೆ ಕೇಳಿ ಕೇಳಿ ನನಗೊಂದು ಸಂಗತಿ ಗೊತ್ತಾಗಿದೆ. ನಮ್ಮ ಸೀಮೆಯಲ್ಲಿ ಐವತ್ತೇಳು ಪರ್ಸೆಂಟ್ ತೆಗೆದವರು ಒಬ್ಬರೂ ಇಲ್ಲ. ಎಲ್ಲರದೂ "ಅರವತ್ತರ ಸನೇಕ ಐತ್ರಿ," ಅಂದರೆ ಅರವತ್ತರ ಹತ್ತಿರ. ಐವತ್ನಾಲ್ಕೂ ಅರವತ್ತರ ಸನೇಕವೇ, ಐವತ್ತೊಂಬತ್ತೂ ಅರವತ್ತರ ಸನೇಕವೇ. ಅರವತ್ತೊಂದು ತೆಗೆದವರು ಮಾತ್ರ ಕರಾರುವಾಕ್ಕಾಗಿ ಅರವತ್ತೊಂದು ಎನ್ನುತ್ತಾರೆ.

ಈ ಸನೇಕದ ಲೆಕ್ಕ ಮದುವೆಯ ಮಾತುಕತೆಗೆ ಸಾಕು. ಕೆಲಸಕ್ಕೆ, ಅದರಲ್ಲೂ ಹೂಡಿಕೆ ಕಂಪನಿಗಳಲ್ಲಿ ನೂರಾರು ಮಂದಿ ಮುಗಿಬೀಳುವ ಕೆಲಸಕ್ಕೆ ಸಾಕೇ? ನನ್ನ ವಿದ್ಯಾರ್ಥಿನಿ ರೇಣುಕಾ ಹೈದರಾಬಾದಿನ ಅಂಥದೊಂದು ಕಂಪನಿಗೆ ಅರ್ಜಿ ಹಾಕುವವರೆಗೆ ನಾನೂ ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಂಡಿರಲಿಲ್ಲ. ನನ್ನ ಸ್ವಂತ ಅಂಕಗಳನ್ನು ಕೆಲಸಕ್ಕೆ ಸೇರಿದ ದಿನ ನೋಡಿದ ಮೇಲೆ ಮತ್ತೆ ಯಾರೂ ಕೇಳಿಲ್ಲ. ಷೇರು ಮಾರುಕಟ್ಟೆಯ ಬಗ್ಗೆ ಇಡೀ ಸೆಮಿಸ್ಟರ್ ಪಾಠ ಮಾಡುವ ನಾನು ಇಂದಿಗೂ ಒಂದು ಷೇರು ಕೊಂಡವಳಲ್ಲ ಎಂಬುದನ್ನೂ ಯಾರೂ ಕೇಳಿಲ್ಲ, ಪುಣ್ಯ.

ರೇಣುಕಾ ಶಹಾಪುರದ ಪಕ್ಕದ ಸಗರದ ಹುಡುಗಿ. ಅವಳಪ್ಪ ಮಾಳಪ್ಪ ಕುರಿ ಸಾಕುತ್ತಾನೆ, ಮಳೆಯಾದರೆ ಹೊಲವನ್ನೂ ಬಿತ್ತುತ್ತಾನೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಸೊಗಸಾಗಿ ಪಾಸಾದವಳು ಪಿಯುಸಿಯಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಬಂದು ಮುಗ್ಗರಿಸಿ ಐವತ್ತೇಳಕ್ಕೆ ನಿಂತಳು. ಆಮೇಲೆ ಎದ್ದಳು ನೋಡಿ, ಪದವಿಯಲ್ಲಿ ಹತ್ತಕ್ಕೆ ಎಂಟೂವರೆ ಗ್ರೇಡು. ಈ ಹತ್ತಕ್ಕೆ ಇಷ್ಟೆಂಬ ಹೊಸ ಲೆಕ್ಕ ನಮ್ಮ ಅತ್ತೆಯವರಿಗೆ ಇನ್ನೂ ಒಗ್ಗಿಲ್ಲ. ಹುಡುಗಿಗೆ ಎಂಟೂವರೆ ಬಂದಿದೆ ಎಂದು ನಾನು ಸಂಭ್ರಮದಿಂದ ಹೇಳಿದಾಗ, "ಎಂಟೂವರೀನಾ? ಪಾಪ, ಮನ್ಯಾಗ ಕೆಲಸ ಭಾಳ ಇರಬೇಕು ತಗೋ" ಎಂದು ನಿಟ್ಟುಸಿರು ಬಿಟ್ಟರು.

ಅಂಕಗಳಿಂದ ಏನೂ ಆಗುವುದಿಲ್ಲ ಎಂದು ಸಭೆಗಳಲ್ಲಿ ಭಾಷಣ ಮಾಡುವವರನ್ನು ನಾನು ನಂಬುವುದಿಲ್ಲ. ಅವರಲ್ಲಿ ಬಹಳ ಮಂದಿ ರ್‍ಯಾಂಕ್ ಬಂದವರೇ ಆಗಿರುತ್ತಾರೆ. ಹಾಗೆಂದು ಅಂಕವೇ ಸರ್ವಸ್ವ ಎನ್ನಲೂ ಬಾಯಿ ಬರುವುದಿಲ್ಲ. ಅಂಕಪಟ್ಟಿ ಮನುಷ್ಯನ ಚರಿತ್ರೆಯಲ್ಲಿ ನಿನ್ನೆ ಮೊನ್ನೆ ಹುಟ್ಟಿದ ಕೂಸು. ಶಿರವಾಳದ ಹಳೆಯ ಗುಡಿಗಳ ಮುಂದೆ ನಿಂತಾಗಲೆಲ್ಲ ನನಗೆ ಇದೇ ಯೋಚನೆ. ಆ ಕಂಬ ಕಡೆದವನ ಕೈಯಲ್ಲಿ ಯಾವ ಸರ್ಟಿಫಿಕೇಟೂ ಇರಲಿಲ್ಲ. ಆದರೆ ಯಾರೋ ಒಬ್ಬರು ಅವನ ಹಿಂದಿನ ಕೆಲಸವನ್ನು ಸ್ವತಃ ಹೋಗಿ ನೋಡಿ, ಮುಟ್ಟಿ, ಒಪ್ಪಿರಲೇಬೇಕು. ಹೈದರಾಬಾದಿನ ಕಂಪನಿಗೆ ಸಗರಕ್ಕೆ ಬಂದು ನೋಡುವಷ್ಟು ಪುರುಸೊತ್ತಿಲ್ಲ. ಅದಕ್ಕೇ ಒಂದು ಅಂಕೆ ಇಟ್ಟುಕೊಂಡು ಜರಡಿ ಹಿಡಿಯುತ್ತದೆ. ಅದರಲ್ಲಿ ಅನ್ಯಾಯಕ್ಕಿಂತ ಸೋಮಾರಿತನವೇ ಹೆಚ್ಚು.

ಆ ಜರಡಿಯ ಕಣ್ಣು ಅರವತ್ತು. ಹತ್ತನೆಯ ತರಗತಿ, ಪಿಯುಸಿ, ಪದವಿ ಮೂರರಲ್ಲೂ ಅರವತ್ತು ಇರಬೇಕು. ರೇಣುಕಾ ನನ್ನ ಎದುರಿಗೇ ಕಾಲೇಜಿನ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿದಳು. ಪಿಯುಸಿಯ ಖಾನೆಯಲ್ಲಿ ಐವತ್ತೇಳು ಎಂದು ಒತ್ತಿದ್ದೇ ತಡ, ನೀವು ಅರ್ಹರಲ್ಲ ಎಂದು ಕೆಂಪಕ್ಷರ ಬಂತು. ಅವಳು ಅಳಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ಸರಿಸಿ, "ಮೇಡಂ, ಈ ಕೆಲಸ ಸಿಗಲಿಲ್ಲಂದ್ರ ನಾನು ಮತ್ತ ಎಲ್ಲೂ ಅರ್ಜಿ ಹಾಕಾಂಗಿಲ್ರಿ. ಮನ್ಯಾಗ ಲಗ್ನದ ಮಾತು ನಡದದ" ಎಂದಳು.

ಮರುದಿನ ಮಾಳಪ್ಪನೇ ಕಾಲೇಜಿಗೆ ಬಂದ. ಕುರಿ ಸಂತೆಯಿಂದ ನೇರವಾಗಿ ಬಂದಿದ್ದರಿಂದ ಸ್ಟಾಫ್ ರೂಮಿನಲ್ಲಿ ಸ್ವಲ್ಪ ಹೊತ್ತು ಅದರ ವಾಸನೆಯೂ ಇತ್ತು. ವಿಷಯವನ್ನೆಲ್ಲ ಕೇಳಿಸಿಕೊಂಡು, "ಅವ್ರು ಅರವತ್ತ ಅಂದಾರ. ನೀವೇನಂದ್ರಿ ಅಕ್ಕೋರ?" ಎಂದ.

"ನಾವೇನ ಅನ್ನಾದು? ಅರವತ್ತಂದ್ರ ಅರವತ್ತ ಅಷ್ಟ."

"ಹಂಗಂತ ಎದ್ದು ಬಂದ್ರಾ?" ಮಾಳಪ್ಪನ ಮುಖದಲ್ಲಿ ನಿಜವಾದ ಮರುಕವಿತ್ತು. "ಮೊದಲ ಹೇಳಿದ ಮಾತಿಗೆ ಯಾರರೆ ಎದ್ದು ಬರ್ತಾರೇನ್ರಿ? ಐವತ್ತೈದ್ ಅನ್ಬೇಕಿತ್ತು. ಜಗ್ಗ್ಯಾಡಿ ಐವತ್ತೇಳಕ್ಕ ನಿಲ್ತಿತ್ತು."

ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮುರಿಯುವವರಿಗೆ ಮೊದಲು ಹೇಳಿದ ಅಂಕೆ ಎಂದರೆ ಬರೀ ನಮಸ್ಕಾರ. ಮಾತು ಆಮೇಲೆ ಶುರುವಾಗಬೇಕು. ಇದು ಕಂಪ್ಯೂಟರು, ಇದಕ್ಕೆ ಬೆರಳೂ ಇಲ್ಲ ಟವೆಲ್ಲೂ ಇಲ್ಲ ಎಂದು ನಾನು ಅವನಿಗೆ ಬಹಳ ಹೊತ್ತು ತಿಳಿಹೇಳಿದೆ. ಅವನು ಎಲ್ಲಕ್ಕೂ ತಲೆಯಾಡಿಸಿ, ಹೊರಡುವಾಗ, "ಕಂಪ್ಯೂಟರ್ ಹಿಂದ ಮನಷ್ಯಾ ಇರಾಂಗಿಲ್ಲೇನ್ರಿ?" ಎಂದು ಕೇಳಿ ಹೋದ.

ಅಪ್ಪನ ಬಾಯಿ ಮುಚ್ಚಿಸಲೆಂದೇ ರೇಣುಕಾ ಆ ಮನುಷ್ಯನನ್ನು ಹುಡುಕಿದಳು. ಕಂಪನಿಯ ವೆಬ್‌ಸೈಟಿನಲ್ಲಿ ನೇಮಕಾತಿ ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳ ಮೇಲ್ ವಿಳಾಸ ಸಿಕ್ಕಿತು. ಪತ್ರ ನಾನೇ ಬರೆದುಕೊಡುತ್ತೇನೆಂದು ಕುಳಿತೆ. ನನ್ನ ಪತ್ರದಲ್ಲಿ ಹಿಂದುಳಿದ ಪ್ರದೇಶ ಬಂತು, ನಿಜಾಮರ ಕಾಲ ಬಂತು, ವಿನಮ್ರ ಪ್ರಾರ್ಥನೆ ಮೂರು ಕಡೆ ಬಂತು. ರೇಣುಕಾ ಓದಿ, "ಭಾಳ ಛಲೋ ಅದ ಮೇಡಂ" ಎಂದು ಮಡಚಿಟ್ಟು, ತಾನೇ ನಾಲ್ಕು ಸಾಲು ಬರೆದಳು. ಪಿಯುಸಿ ಐವತ್ತೇಳು. ಆ ವರ್ಷ ಭಾಷೆ ಬದಲಾಯಿತು. ಪದವಿ ಎಂಟೂವರೆ. ನಿಮ್ಮ ನೇಮಕಾತಿ ಪರೀಕ್ಷೆಗೆ ಕೂರಲು ಬಿಟ್ಟರೆ ಉಳಿದದ್ದನ್ನು ನೀವೇ ನೋಡಬಹುದು.

ಉತ್ತರ ಬಂತು, ಪರೀಕ್ಷೆಗೆ ಬನ್ನಿ ಎಂದು. ಇಲ್ಲಿ ನಾನು ಒಂದು ಮಾತನ್ನು ಒತ್ತಿ ಹೇಳಬೇಕು. ಆ ಐವತ್ತೇಳನ್ನು ಮನ್ನಿಸಿದ್ದು ಪದವಿಯ ಎಂಟೂವರೆ. ಅದಿರದಿದ್ದರೆ ನಾಲ್ಕು ಸಾಲಲ್ಲ, ನಲವತ್ತು ಪುಟ ಬರೆದಿದ್ದರೂ ಆಕೆ ಓದುತ್ತಿರಲಿಲ್ಲ. ಆದ್ದರಿಂದ ಅಂಕ ಬೇಡವೆಂಬ ನೆಪಕ್ಕೆ ನನ್ನ ಈ ಬರಹವನ್ನು ಯಾವ ವಿದ್ಯಾರ್ಥಿಯೂ ತೋರಿಸಕೂಡದು.

ಪರೀಕ್ಷೆಯ ನಂತರ ಸಂದರ್ಶನ. ಮೊದಲ ಪ್ರಶ್ನೆಯೇ ಪಿಯುಸಿಯಲ್ಲಿ ಯಾಕೆ ಕಡಿಮೆ ಎಂಬುದು. "ಲೆಕ್ಕ ತಿಳೀತಿತ್ತು, ಪ್ರಶ್ನೆ ತಿಳೀತಿರಲಿಲ್ಲ ಅಂತ ಹೇಳಿದೆ ಮೇಡಂ" ಎಂದು ರೇಣುಕಾ ರಾತ್ರಿ ಫೋನಿನಲ್ಲಿ ಹೇಳಿದಳು. ಅವರು ನಕ್ಕು, ಒಂದು ಬಟ್ಟೆ ಕಂಪನಿಯ ವಾರ್ಷಿಕ ವರದಿ ಕೊಟ್ಟು, ಇದರಲ್ಲಿ ಹಣ ಹಾಕಬಹುದೇ ಎಂದರಂತೆ. ಮಾರಾಟ ಏರಿದೆ ನಿಜ, ಗೋದಾಮಿನಲ್ಲಿ ಉಳಿದ ಮಾಲು ಅದಕ್ಕಿಂತ ಜೋರಾಗಿ ಏರಿದೆ, ಮಾಡಿದ ಬಟ್ಟೆ ಹೋಗುತ್ತಿಲ್ಲ, ನಾನಾದರೆ ಹಾಕುವುದಿಲ್ಲ ಎಂದು ಇವಳು ಹೇಳಿದಳು. ಅಲ್ಲಿಂದ ಮಾತು ಮಾಲಿನ ಸುತ್ತಲೇ ನಡೆಯಿತು, ಅಂಕದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಕೆಲಸ ಸಿಕ್ಕಿತು. ಲಗ್ನದ ಮಾತು ತಾನಾಗಿ ತಣ್ಣಗಾಯಿತು. ನಾನು ಸ್ಟಾಫ್ ರೂಮಿಗೆಲ್ಲ ಪೇಡೆ ಹಂಚಿದೆ, ಕೆಲಸ ಸಿಕ್ಕಿದ್ದರ ಶ್ರೇಯಸ್ಸನ್ನೂ ಸ್ವಲ್ಪ ತೆಗೆದುಕೊಂಡೆ.

ಇದಾಗಿ ಎರಡು ವರ್ಷದ ಮೇಲೆ, ಕಳೆದ ತಿಂಗಳು ರೇಣುಕಾ ಮತ್ತೆ ಫೋನ್ ಮಾಡಿದ್ದಳು. ಕಂಪನಿ ಈ ಸಲ ನಮ್ಮ ಯಾದಗಿರಿ ಜಿಲ್ಲೆಯ ಕಾಲೇಜುಗಳಿಂದಲೂ ಅರ್ಜಿ ಕರೆಯಲಿದೆ. ಅದೇ ಜಿಲ್ಲೆಯವಳೆಂದು ಅಂಕದ ಮಿತಿ ಎಷ್ಟಿರಲಿ ಎಂದು ಅವಳನ್ನೇ ಕೇಳಿದ್ದಾರೆ. "ಐವತ್ತೇಳು ಹಾಕಿದ್ರ ನನ್ನ ಸಲುವಾಗಿ ಹಾಕ್ದಂಗ ಆಗ್ತದ್ರಿ. ಅರವತ್ತ ಹಾಕಾಕ ಕೈ ಏಳವಲ್ದು. ಎಷ್ಟ ಹಾಕ್ಲಿ ಮೇಡಂ?" ಎಂದಳು. ಎಲ್ಲದಕ್ಕೂ ಒಂದು ಅಭಿಪ್ರಾಯ ಇಟ್ಟುಕೊಂಡಿರುವ ನಾನು, ನಾಳೆ ಹೇಳುತ್ತೇನೆಂದು ಫೋನ್ ಇಟ್ಟೆ.

ಮರುದಿನ ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಮಾಳಪ್ಪನನ್ನು ಕೇಳಿದೆ. ಅವನು ತಡಮಾಡದೆ, "ಅರವತ್ತೈದ್ ಹಾಕಂತ ಹೇಳ್ರಿ" ಎಂದ.

"ಅಲ್ರೀ ಮಾಳಪ್ಪ, ಹಂಗಾದ್ರ ನಿಮ್ಮ ಮಗಳೇ ಹೊರಗ ನಿಂದರ್ತಿದ್ಲು."

"ನಿಂದರ್ತಿದ್ಲು. ಆಮ್ಯಾಲ ಕೇಳ್ತಿದ್ಲು" ಎಂದ ಮಾಳಪ್ಪ. "ಆದ್ರ ಅಕ್ಕೋರ, ಕೇಳಿದವ್ರಿಗೆ ಜವಾಬು ಕೊಡಾಕ ಅಲ್ಲಿ ಒಬ್ರು ಬೇಕು. ಅದಕ್ಕ ನಮ್ಮ ರೇಣುಕಾನೇ ಕುಂದರ್ಲಿ."

ಎರಡು ಮಾತನ್ನೂ ಅವಳಿಗೆ ಮುಟ್ಟಿಸಿದೆ. ಅಪ್ಪನ ಅರವತ್ತೈದನ್ನು ಜಗ್ಗಿ ಅರವತ್ತಕ್ಕೆ ತಂದು ನಿಲ್ಲಿಸಿದ್ದಾಳೆ. ಅದರ ಕೆಳಗೆ, ಕಡಿಮೆ ಇದ್ದವರು ಕಾರಣ ಹೇಳಿ ಬರೆಯಿರಿ ಎಂದು ತನ್ನದೇ ಮೇಲ್ ಕೊಟ್ಟಿದ್ದಾಳೆ. ಈಗ ಬಸ್ಸಿನಲ್ಲಿ ಯಾರಾದರೂ "ಅರವತ್ತರ ಸನೇಕ ಐತ್ರಿ" ಎಂದರೆ ನಾನು ಸುಮ್ಮನೆ ತಲೆಯಾಡಿಸುವುದಿಲ್ಲ, ಸರಿಯಾಗಿ ಎಷ್ಟೆಂದು ಕೇಳುತ್ತೇನೆ. ಆಚೀಚೆ ನೋಡಿ, ದನಿ ತಗ್ಗಿಸಿ, ಐವತ್ತೇಳು ಎಂದವರಿಗೆ ಆ ಮೇಲ್ ವಿಳಾಸ ಬರೆದುಕೊಡುತ್ತೇನೆ.