ನಾಗಬನದ ಅರ್ಜಿ

ಇವರು ಶಾಸಕರಾಗಿದ್ದಾಗ ಕಾಪುವಿನ ನಮ್ಮ ಜಗಲಿಯಲ್ಲಿ ಬೆಳಿಗ್ಗೆ ಏಳಕ್ಕೇ ಜನ ಕೂತಿರುತ್ತಿದ್ದರು. ಅರ್ಜಿ ಕೈಗೆ ಬಂದರೆ ಇವರು ಪೂರ್ತಿ ಓದುತ್ತಿದ್ದುದು ಕಡಿಮೆ. ಮೂಲೆಯಲ್ಲಿ "ಪರಿಶೀಲಿಸಿ, ಸೂಕ್ತ ಕ್ರಮ ಕೈಗೊಳ್ಳಿ" ಎಂದು ಬರೆದು, ಸಹಿ ಹಾಕಿ, ಮುಂದಿನವರ ಕಡೆ ಕೈ ಚಾಚುವುದು. ಒಳಗಿನಿಂದ ಚಹಾ ಕಳುಹಿಸುವುದು ನನ್ನ ಪಾಲಿನ ರಾಜಕೀಯ.

ಎರಡನೇ ಸಲ ಚುನಾವಣೆಗೆ ನಿಂತಾಗ ಸೋತರು. ಜಗಲಿ ಖಾಲಿಯಾಯಿತು. ಪೇಪರು ಓದಿ ಮುಗಿಸಿ ಗೇಟಿನ ಕಡೆ ನೋಡುತ್ತಾ ಕೂರುತ್ತಿದ್ದರು. ಕೆಲವು ತಿಂಗಳ ನಂತರ ಮಣಿಪಾಲದ ಒಂದು ವಿದ್ಯುತ್ ಕಂಪನಿ ಕರೆದು ದೊಡ್ಡ ಹುದ್ದೆ ಕೊಟ್ಟಿತು. ಕಾರ್ಕಳದ ಕಡೆ ಹೈಟೆನ್ಶನ್ ಲೈನ್ ಎಳೆಯಬೇಕಿತ್ತು. ಜಾಗದವರನ್ನು ಒಪ್ಪಿಸುವುದು ಇವರ ಕೆಲಸ. ನಾನು ಉಡುಪಿಗೆ ಹೋಗಿ ಕೃಷ್ಣನಿಗೆ ತುಪ್ಪದ ದೀಪ ಹಚ್ಚಿ ಬಂದೆ. ಆ ವಯಸ್ಸಿನಲ್ಲಿ ಗಂಡಸಿಗೆ ಬೆಳಿಗ್ಗೆ ಹೊರಡಲಿಕ್ಕೆ ಒಂದು ಜಾಗ ಸಿಗುವುದು ಸಣ್ಣ ಕರುಣೆಯಲ್ಲ.

ಮೂರನೇ ವಾರ ಕಾರ್ಕಳದ ಕಡೆಯ ಅಜ್ಜಿಯೊಬ್ಬರು ಎರಡು ಬಸ್ಸು ಬದಲಿಸಿ ಬಂದರು. ಇವರು ಆಫೀಸಿಗೆ ಹೊರಟಿದ್ದರು. ಅಜ್ಜಿ ಕಾಗದ ಚಾಚಿದ್ದೇ ತಡ, ಇವರ ಮುಖಕ್ಕೆ ಹಳೆಯ ಕಳೆ ಬಂತು. ಗೋಡೆಗೆ ಒತ್ತಿ ಹಿಡಿದು ಅದೇ ಸಾಲು ಬರೆದು ಸಹಿ ಹಾಕಿದರು.

"ಆಗ್ತದೆ ಅಜ್ಜಿ" ಎಂದು ಕಾರು ಹತ್ತಿದರು.

ಅಜ್ಜಿಗೆ ಚಹಾ, ದೋಸೆ ಕೊಡುವಾಗ ಕಾಗದ ತೆಗೆದುಕೊಂಡು ಓದಿದೆ. ಅವರ ಕುಟುಂಬದವರು ನಾಗನ ಕಲ್ಲು ಪೂಜಿಸುವ ನಾಗಬನಕ್ಕೆ ತಾಗಿಯೇ ಲೈನಿನ ಟವರ್ ಬರುತ್ತದೆ, ಅದನ್ನು ಬೇರೆ ಕಡೆಗೆ ಹಾಕಬೇಕು ಎಂದಿತ್ತು. ತಕ್ಷಣ ಇವರಿಗೆ ಫೋನ್ ಮಾಡಿದೆ.

"ಎಂತಕ್ಕೆ ಸಹಿ ಹಾಕಿದ್ದು ಗೊತ್ತುಂಟಾ?"

"ರಸ್ತೆಗೆ ಅಲ್ವಾ?"

"ನಿಮ್ಮದೇ ಲೈನಿನ ವಿರುದ್ಧ."

"ಆ ಕಾಗದ ತೆಗೆದಿಡು. ಬೇರೆ ಬರೆದು ಕೊಡ್ತಾರೆ ಅಂತ ಹೇಳು."

ಕಾಗದ ನನ್ನ ಕೈಯಲ್ಲೇ ಇತ್ತು. ಅಜ್ಜಿ ದೋಸೆ ಮುರಿಯುತ್ತಾ, "ಸಹಿ ಆಯ್ತಲ್ಲ ಮಗಳೇ, ಇನ್ನು ಎಂತ ಹೆದರಿಕೆ" ಎಂದರು.

"ನಾಗನ ವಿಷಯ. ನನ್ನಿಂದ ಆಗುವುದಿಲ್ಲ" ಎಂದೆ ಫೋನಿನಲ್ಲಿ.

"ನನ್ನ ಕೆಲಸ ಹೋಗ್ತದೆ ಮಾರಾಯ್ತಿ!"

"ಚುನಾವಣೆಯೂ ಹೋಯ್ತಲ್ಲ, ಊಟ ನಿಂತಿತಾ?"

ಅಜ್ಜಿಗೆ ಕಾಗದ ಮಡಚಿ ಕೊಟ್ಟು, ಕಂಪನಿಯ ಆಫೀಸಿನಲ್ಲೇ ಕೊಡಿ ಎಂದು ಮಣಿಪಾಲದ ಬಸ್ಸು ಹತ್ತಿಸಿದೆ. ಆಮೇಲೆ ದೇವರ ಕೋಣೆಗೆ ಹೋಗಿ ಕೂತೆ. ಧೈರ್ಯವೆಲ್ಲ ಬಾಯಲ್ಲಿ ಮಾತ್ರ ಇತ್ತು.

ಸಂಜೆ ಬಂದು ಇವರೇ ಹೇಳಿದರು. ಅಜ್ಜಿ ಕಾಗದವನ್ನು ನೇರ ಇವರ ಮೇಲಧಿಕಾರಿಯ ಮೇಜಿನ ಮೇಲೆ ಇಟ್ಟರಂತೆ. "ಇದು ನಿಮ್ಮದೇ ಸಹಿಯಾ?" ಎಂದು ಅವರು ಕೇಳಿದಾಗ, ಓದದೆ ಹಾಕಿದ್ದು ಎನ್ನಲಿಕ್ಕೆ ಇವರಿಗೆ ನಾಚಿಕೆಯಾಯಿತಂತೆ. "ಹೌದು. ಬನದ ಹತ್ತಿರ ಟವರ್ ಹಾಕಿದ್ರೆ ಆ ಊರಲ್ಲಿ ಒಬ್ಬರೂ ಜಾಗ ಬಿಡುವುದಿಲ್ಲ" ಎಂದುಬಿಟ್ಟರು. ಮರುದಿನ ಎಂಜಿನಿಯರರ ಜೊತೆ ಹೋಗಿ ಅಳತೆ ಮಾಡಿಸಿದರು. ಟವರ್ ಆಚೆಯ ಪಾರೆಯ ಬರಿ ಕಲ್ಲಿನ ಮೇಲೆ ಬಂತು. ಕೆಲಸ ಉಳಿಯಿತು.

ನಾಗರಪಂಚಮಿಗೆ ಅಜ್ಜಿ ಅರಿಶಿನ ಎಲೆಯ ಕಡುಬು ತಂದರು. ಪೊಟ್ಟಣದ ಅಡಿಯಲ್ಲಿ ಇನ್ನೊಂದು ಅರ್ಜಿ. ಇವರು ಕನ್ನಡಕ ಹುಡುಕಿ, ಹಾಕಿ, ಕೊನೆಯ ಸಾಲಿನವರೆಗೆ ಓದಿ, ಆಮೇಲೆ ಪೆನ್ನು ಕೇಳಿದರು.