ರೊಟ್ಟಿ ಬುಟ್ಟಿಗೆ ಬಂದ ಬ್ರೆಡ್ಡು

ಬಬಲೇಶ್ವರದ ನಮ್ಮ ಓಣಿಯ ಗುಡಿಯ ಪ್ರಸಾದದ ಊಟಕ್ಕೆ ಮನೆಮನೆಯಿಂದ ಜೋಳದ ರೊಟ್ಟಿ ಕೊಡುವುದು ವಾಡಿಕೆ. ವರ್ಗವಾಗಿ ಬಂದ ಶಿಕ್ಷಕಿ ನಾನು. ರೊಟ್ಟಿ ಬಡಿಯಲು ಬರುವುದಿಲ್ಲ, ಬರುವುದು ಬ್ರೆಡ್ಡು ಮಾತ್ರ. ಹಿಟ್ಟು ಉಬ್ಬಿತೋ ಇಲ್ಲವೋ ಎಂದು ಬೆಳಗಿನಿಂದ ಹತ್ತು ಸಲ ಬಟ್ಟೆ ಎತ್ತಿ ನೋಡಿ, ಕುಕ್ಕರಿನಲ್ಲಿ ಬೇಯಿಸಿದ ಬ್ರೆಡ್ಡನ್ನು ಹೆದರುತ್ತಲೇ ಒಯ್ದೆ.

ರೊಟ್ಟಿ ಜೋಡಿಸುತ್ತಿದ್ದ ಹಿರಿಯರಾದ ನೀಲವ್ವ ಬೆರಳಿನಿಂದ ಒತ್ತಿ ನೋಡಿದರು.

"ಹಸಿ ಉಳದೈತೇನ್ರಿ ಅಕ್ಕೋರ?"

"ಇಲ್ರೀ, ಬೆಂದೈತಿ. ಮೆತ್ತಗೇ ಇರಬೇಕು," ಅಂದೆ.

ಅವರು ಬ್ರೆಡ್ಡನ್ನು ಮುರಿದು ಅಗಲವಾದ ಪರಾತಕ್ಕೆ ಹಾಕಿ, ಬೆಳ್ಳುಳ್ಳಿ, ಖಾರ, ಉಪ್ಪು, ಎಣ್ಣೆ ಸುರಿದು, ಬಿಸಿ ರೊಟ್ಟಿ ಹಿಚುಕಿದಂತೆ ಹಿಚುಕಿ ಮುಟಗಿಯ ಉಂಡೆ ಕಟ್ಟಿದರು. ಪಂಕ್ತಿಯಲ್ಲಿ ಕೂತವರು ಮತ್ತೊಂದು ಕೇಳಿ ತಿಂದರು.

ಆಮೇಲೆ ನೀಲವ್ವ ಹತ್ತಿರ ಬಂದರು.

"ಛಲೋ ಆಗೈತ್ರಿ. ಮುಂದಿನ ಸಲ ಅಷ್ಟು ಉಬ್ಬಸಾಕ ಹೋಗಬ್ಯಾಡ್ರಿ. ಹೆಂಗೂ ಹಿಚುಕೂದ ಐತಿ."