ಅಪ್ಪನ ಗಾಡಿಯ ವೇಗ ಅಳೆದವರು

ಸಿಟ್ಟು ಬಂದರೆ ಅವರ ಎಡಗಿವಿ ಕೆಂಪಾಗುತ್ತಿತ್ತು. ಬಲಗಿವಿ ಹಾಗೇ ಇರುತ್ತಿತ್ತು. ಮುಖ ಬದಲಾಗುತ್ತಿರಲಿಲ್ಲ, ದನಿ ಏರುತ್ತಿರಲಿಲ್ಲ. ಎಡಗಿವಿಯ ಹಾಲೆ ಮಾತ್ರ ಕಾಫಿ ಹಣ್ಣಿನ ಬಣ್ಣಕ್ಕೆ ತಿರುಗಿ, ಅದರಲ್ಲಿದ್ದ ಬಿಳಿ ಹರಳಿನ ಸಣ್ಣ ಓಲೆ ಎದ್ದು ಕಾಣುತ್ತಿತ್ತು. ಮುಂದಿನ ಬೆಂಚಿನ ಹುಡುಗಿಯರು ಅದನ್ನು ಕಂಡ ಕೂಡಲೇ ಹಿಂದಕ್ಕೆ ಸುದ್ದಿ ಕಳಿಸುತ್ತಿದ್ದರು: "ಕೆಂಪಾಯ್ತು, ಸುಮ್ನಿರ್ರೇ."

ಅವರು ನಮಗೆ ಪಿಯುಸಿಯಲ್ಲಿ ಫಿಸಿಕ್ಸ್ ಹೇಳಿಕೊಟ್ಟ ಮೇಡಂ. ಮೂಡಿಗೆರೆ ಸೀಮೆಯ ಸಣ್ಣ ಕಾಲೇಜು ಅದು. ಅರ್ಧ ಜನ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ಬರುವ ಮಕ್ಕಳು, ಇನ್ನರ್ಧ ಸಣ್ಣ ತೋಟದವರ ಮಕ್ಕಳು. ಮೇಡಂ ಅರಸೀಕೆರೆ ಕಡೆಯವರು. ಬಸ್ ಸ್ಟ್ಯಾಂಡಿನ ಹಿಂದಿನ ಮಹಡಿಯ ರೂಮಿನಲ್ಲಿ ಒಬ್ಬರೇ ಇದ್ದರು. ನಮ್ಮ ಮಳೆಗೆ ಅವರ ಸೀರೆಗಳು ಒಣಗುತ್ತಲೇ ಇರಲಿಲ್ಲ. ಅದಕ್ಕೂ ಅವರಿಗೆ ಸಿಟ್ಟಿತ್ತು.

ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಾಯಿಪಾಠದ ಮೇಲೆ. ನಾವು ಎದ್ದು ನಿಂತು ಸೂತ್ರವನ್ನು ಸ್ತೋತ್ರದ ಹಾಗೆ ಒಪ್ಪಿಸಿದರೆ, "ಸರಿ, ಏನು ಓಡ್ತಾ ಇದೆ?" ಅನ್ನುತ್ತಿದ್ದರು. "ವೇಗ ಅಂದ್ಯಲ್ಲ, ಯಾವುದರ ವೇಗ? ಬಸ್ಸಾ, ಕಲ್ಲಾ, ಹಂದಿಯಾ? ಓಡೋದೇ ಗೊತ್ತಿಲ್ಲದೆ ಸೂತ್ರ ಹೇಳ್ತೀಯಾ, ಕೂತ್ಕೋ."

ಒಂದು ದಿನ ಎರಡು ಕಿತ್ತಳೆಕಾಯಿ ತಂದು ಮೇಜಿನ ಅಂಚಿನಲ್ಲಿಟ್ಟರು. ನಮಗೆಲ್ಲ ಕಣ್ಣು ಮುಚ್ಚಲು ಹೇಳಿದರು. ಒಂದನ್ನು ಸುಮ್ಮನೆ ಕೆಳಗೆ ಬಿಟ್ಟರು, ಅದೇ ಹೊತ್ತಿಗೆ ಇನ್ನೊಂದನ್ನು ಅಡ್ಡಕ್ಕೆ ಜೋರಾಗಿ ತಳ್ಳಿದರು. ಕೇಳಿಸಿದ್ದು ಒಂದೇ ಸದ್ದು. ಕಣ್ಣು ಬಿಟ್ಟು ನೋಡಿದರೆ ಒಂದು ಮೇಜಿನ ಕಾಲ ಬುಡದಲ್ಲಿತ್ತು, ಇನ್ನೊಂದು ಬಾಗಿಲ ಹತ್ತಿರ ಉರುಳುತ್ತಿತ್ತು. "ಎಷ್ಟೇ ಜೋರಾಗಿ ತಳ್ಳಿ, ನೆಲ ಮುಟ್ಟೋಕೆ ಅಷ್ಟೇ ಹೊತ್ತು ಬೇಕು. ಬೀಳೋದು ಅದರ ಪಾಡಿಗೆ, ಮುಂದಕ್ಕೆ ಹೋಗೋದು ಇದರ ಪಾಡಿಗೆ. ಇವೆರಡನ್ನೂ ಕಲಸಬೇಡಿ." ಆ ಕಿತ್ತಳೆಗಳನ್ನು ಆಮೇಲೆ ನಮಗೇ ಕೊಟ್ಟರು. ಹುಳಿಯಾಗಿದ್ದವು.

ಈ ಪಾಠವಾಗಿ ಸ್ವಲ್ಪ ದಿನಕ್ಕೆ ಅಪ್ಪ ಸತ್ತ.

ಅಪ್ಪ ಎಸ್ಟೇಟಿನ ಪಿಕಪ್ ಡ್ರೈವರ್. ಕುಯ್ಲಿನ ಕಾಲದಲ್ಲಿ ಬೆಳಿಗ್ಗೆ ಲೈನಿನಿಂದ ಹೆಂಗಸರನ್ನು ಹತ್ತಿಸಿಕೊಂಡು ಕೆಳಗಿನ ತೋಟಕ್ಕೆ ಬಿಟ್ಟು ಬರುತ್ತಿದ್ದ. ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ ಎಂದು ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರಿಗೆ ಹೇಳಿ ಹೇಳಿ ಅವನಿಗೆ ಸಾಕಾಗಿತ್ತು. ರೈಟರು ಪ್ರತಿ ಸಲವೂ, "ಸೀಸನ್ ಮುಗೀಲಿ ಮಾರಾಯ, ಈಗ ಗಾಡಿ ನಿಲ್ಸಿದ್ರೆ ಹಣ್ಣು ಉದುರಿ ಹೋಗ್ತದೆ" ಎನ್ನುತ್ತಿದ್ದರು. ಮನೆಗೆ ಬಂದರೆ ಅಪ್ಪ ಬಲಗಾಲು ನೀಡಿಕೊಂಡು ಕೂತು, "ಪೆಡಲ್ ಒತ್ತಿ ಒತ್ತಿ ಮೀನಖಂಡ ಹಿಡ್ಕಂಡಿದೆ ಕಣೇ" ಎಂದು ಅಮ್ಮನಿಗೆ ತೋರಿಸುತ್ತಿದ್ದ.

ಆ ಬೆಳಿಗ್ಗೆ ಗಾಡಿ ಇಳಿಜಾರಿನ ಕೊನೆಯ ಕಡಿದಾದ ತಿರುವಿನಲ್ಲಿ ತಿರುಗಲಿಲ್ಲ. ರಸ್ತೆಯ ಅಂಚು ದಾಟಿ ಕೆಳಗಿನ ಕಾಫಿ ಗಿಡಗಳ ಪಟ್ಟೆಗೆ ಬಿದ್ದು, ಅಲ್ಲಿಂದ ಉರುಳಿ ಹಳ್ಳದಲ್ಲಿ ಹೋಗಿ ನಿಂತಿತು. ಅಪ್ಪ ಹೋದ. ಹಿಂದೆ ಕೂತಿದ್ದ ನಮ್ಮ ಪಕ್ಕದ ಮನೆಯ ಅಕ್ಕನೂ ಹೋದಳು. ನನ್ನ ಜಡೆ ಹೆಣೆಯುತ್ತಿದ್ದವಳು ಅವಳು. ಉಳಿದವರಿಗೆ ಕೈಕಾಲು ಮುರಿದಿತ್ತು.

ಹೆಣ ಮನೆಗೆ ಬರುವ ಮೊದಲೇ ಮಾತು ಬಂತು. ಡ್ರೈವರ್ ಅರವತ್ತರ ಸ್ಪೀಡಿನಲ್ಲಿ ಬಂದನಂತೆ. ಇಲ್ಲದಿದ್ದರೆ ಗಾಡಿ ಹಳ್ಳದವರೆಗೆ ಹಾರುತ್ತಿತ್ತೇ? ಎಸ್ಟೇಟಿನ ಸಾಹುಕಾರರು ಹಾಗೆಂದರು, ರೈಟರು ಹಾಗೆಂದರು, ಪೊಲೀಸರು ಹಾಗೇ ಬರೆದುಕೊಂಡರು. ಸತ್ತವನು ಎದ್ದು ಬಂದು ಇಲ್ಲ ಅನ್ನುವುದಿಲ್ಲವಲ್ಲ. ಲೈನಿನಲ್ಲಿ ಅಮ್ಮನ ಹತ್ತಿರ ಯಾರೂ ಮಾತಾಡಲಿಲ್ಲ. ಅವಳು ನೀರಿಗೆ ಹೋದರೆ ನಲ್ಲಿಯ ಹತ್ತಿರವಿದ್ದವರು ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಪಕ್ಕದ ಮನೆಯ ಭಾವ, ಸತ್ತ ಅಕ್ಕನ ಗಂಡ, ನಮ್ಮ ಅಂಗಳದಲ್ಲಿ ನಿಂತು, "ನಿನ್ ಗಂಡ ನನ್ ಹೆಂಡ್ತಿನ ಕೊಂದ" ಎಂದು ಹೇಳಿ ಉಗಿದು ಹೋದರು. ಅಮ್ಮ ಆ ಜಾಗಕ್ಕೆ ಸಗಣಿ ಸಾರಿಸಿದಳು.

ನಾನು ಕಾಲೇಜಿಗೆ ಮತ್ತೆ ಹೋದ ದಿನ, ಹಿಂದಿನ ಬೆಂಚಿನಿಂದ ಒಬ್ಬ ಪಿಸುಗುಟ್ಟಿದ್ದು ಇಡೀ ಕ್ಲಾಸಿಗೆ ಕೇಳಿಸಿತು. "ಇವ್ಳ ಅಪ್ಪನೇ, ಅರವತ್ತರಲ್ಲಿ ಹೊಡ್ದಿದ್ದು."

ಮೇಡಂ ಬೋರ್ಡಿನ ಕಡೆಯಿಂದ ತಿರುಗಿದರು. ಕಿವಿ ಆಗಲೇ ಕೆಂಪಾಗಿತ್ತು.

"ಎದ್ದೇಳು. ಎಷ್ಟು ಅಂದೆ?"

"ಅರವತ್ತು ಮೇಡಂ."

"ಯಾರು ಅಳೆದದ್ದು?"

"ಎಲ್ರೂ ಹೇಳ್ತಾರೆ ಮೇಡಂ. ಅರವತ್ತಂತೆ."

"ಮೀಟರು ಗೊತ್ತು, ಸೆಕೆಂಡು ಗೊತ್ತು. ಅಂತೆ ಅನ್ನೋದು ಯಾವ ಯೂನಿಟ್ಟು?"

ಅವರು ಪುಸ್ತಕ ಮುಚ್ಚಿ, ಸಂಜೆ ನಿನ್ನ ಜೊತೆ ಬರುತ್ತೇನೆ, ಜಾಗ ತೋರಿಸು ಎಂದು ನನಗೆ ಹೇಳಿದರು.

ಹೋದೆವು. ಅವರ ಬ್ಯಾಗಿನಲ್ಲಿ ಟೇಪು ಇತ್ತು. ರಸ್ತೆಯ ಅಂಚಿನಿಂದ ಕೆಳಕ್ಕೆ ಇಳಿಬಿಟ್ಟು ಎತ್ತರ ನೋಡಿದರು. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಕಾಫಿ ಪಟ್ಟೆಗೆ ಇಳಿದು ಬಗ್ಗಿ ಹುಡುಕತೊಡಗಿದರು. ಒಂದು ಕಡೆ ನೆಲ ಬಗೆದುಹೋಗಿತ್ತು. ಹೆಡ್‌ಲೈಟಿನ ಗಾಜಿನ ಚೂರುಗಳು ಅಲ್ಲಿ ಮಣ್ಣಿನಲ್ಲಿ ಹೂತಿದ್ದವು. "ಇಲ್ಲಿ ಹಿಡಿ" ಎಂದು ಟೇಪಿನ ತುದಿಯನ್ನು ನನಗೆ ಕೊಟ್ಟರು.

ನನಗೆ ತಡೆಯಲಾಗಲಿಲ್ಲ. ಟೇಪು ಬಿಸಾಕಿ ಕೂಗಿದೆ. "ನನ್ನಪ್ಪ ನಿಮ್ಗೆ ಲೆಕ್ಕನಾ ಮೇಡಂ? ಪರೀಕ್ಷೆಗೆ ಕೊಡ್ತೀರಾ?"

ಸಮಾಧಾನ ಮಾಡಲಿಲ್ಲ ಅವರು. ತಲೆ ಸವರಲಿಲ್ಲ. "ಹೌದು, ಲೆಕ್ಕನೇ" ಅಂದರು. "ಅರವತ್ತು ಅನ್ನೋ ಲೆಕ್ಕ ಹೇಳಿದ್ದು ಅವ್ರು. ನೀನು ಅತ್ರೆ ಅವ್ರಿಗೆ ಅನುಕೂಲ. ಪಾಪ ಅಂತ ಹೇಳಿ ಎದ್ದು ಹೋಗ್ತಾರೆ. ಟೇಪ್ ಎತ್ಕೋ."

ಎತ್ತಿಕೊಂಡೆ. ಗಾಜು ಬಿದ್ದ ಮಟ್ಟದಿಂದ ರಸ್ತೆ ಸುಮಾರು ಐದು ಮೀಟರ್ ಎತ್ತರದಲ್ಲಿತ್ತು. ಅಷ್ಟು ಎತ್ತರದಿಂದ ಏನೇ ಬಿದ್ದರೂ ನೆಲ ಮುಟ್ಟಲು ಒಂದು ಸೆಕೆಂಡು. ಆ ಒಂದು ಸೆಕೆಂಡಿನಲ್ಲಿ ಗಾಡಿ ಅಂಚಿನಿಂದ ಮುಂದಕ್ಕೆ ಹೋಗಿದ್ದು ಆರು ಮೀಟರ್. ಗಂಟೆಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ಕಿಲೋಮೀಟರ್ ಆಯಿತು. ಅರವತ್ತರಲ್ಲಿ ಬಂದಿದ್ದರೆ ಗಾಡಿ ಈ ಪಟ್ಟೆಯನ್ನೇ ಮುಟ್ಟುತ್ತಿರಲಿಲ್ಲ, ನೇರ ಹಳ್ಳದ ಆಚೆಯ ಏಲಕ್ಕಿ ತೋಟದಲ್ಲಿ ಬೀಳುತ್ತಿತ್ತು. ಹಳ್ಳದವರೆಗೆ ಅದು ಹಾರಿರಲಿಲ್ಲ. ಬಿದ್ದ ಮೇಲೆ ಉರುಳಿತ್ತು.

"ಮುಂದಿನ ಚಕ್ರ ಮೊದಲು ಇಳಿದಿರುತ್ತೆ, ಸ್ವಲ್ಪ ಹೆಚ್ಚುಕಮ್ಮಿ ಇರಬಹುದು" ಎಂದರು ಮೇಡಂ. "ಎಷ್ಟೇ ಹೆಚ್ಚು ಹಾಕಿದ್ರೂ ಮೂವತ್ತು ದಾಟಲ್ಲ." ಆಮೇಲೆ ಮೇಲಕ್ಕೆ ಹತ್ತಿ ತಿರುವಿನ ಹಿಂದಿನ ನೇರ ರಸ್ತೆಯನ್ನು ನೋಡುತ್ತಾ ನಿಂತರು. "ಈ ವೇಗದಲ್ಲಿ ಬ್ರೇಕ್ ಹಿಡಿದಿದ್ರೆ, ಇಳಿಜಾರು ಅಂತ ಲೆಕ್ಕ ಹಾಕಿದ್ರೂ, ಗಾಡಿ ಇಲ್ಲಿ ಎಲ್ಲಾದ್ರೂ ನಿಲ್ಲಬೇಕಿತ್ತು. ಚಕ್ರ ಎಳೆದ ಗುರುತೂ ಇಲ್ಲ. ಬ್ರೇಕಿನ ವಿಷಯ ದಾರೀಲಿ ನೀನೇ ಹೇಳ್ದೆಯಲ್ಲ. ನಿಮ್ಮಪ್ಪ ಪೆಡಲ್ ಒತ್ತಿದ್ದಾರೆ. ಅದು ಹಿಡಿದಿಲ್ಲ."

ಅಪ್ಪ ಸತ್ತ ಮೇಲೆ ನಾನು ಮೊದಲ ಸಲ ಹೊಟ್ಟೆ ತುಂಬ ಅತ್ತದ್ದು ಅಲ್ಲಿ. ಅವರು ಟೇಪು ಸುತ್ತುತ್ತಾ ಕಾದರು.

ಪೊಲೀಸ್ ಸ್ಟೇಷನ್ನಿನಲ್ಲಿ ಇದನ್ನೆಲ್ಲ ಹೇಳಿದಾಗ ಅಲ್ಲಿದ್ದ ಸಾಹೇಬರು ನಕ್ಕರು. "ಮೇಡಂ, ಪಾಠ ಕಾಲೇಜಲ್ಲಿ ಮಾಡಿ. ಇಲ್ಲಿ ರಿಪೋರ್ಟ್ ಆಗಿದೆ." ಬ್ರೇಕನ್ನು ಬಿಚ್ಚಿ ನೋಡಿ ಎಂದು ಮೇಡಂ ಕೇಳಿದರು. ಗಾಡಿಯನ್ನು ಎಸ್ಟೇಟಿನವರು ಆಗಲೇ ಎತ್ತಿಸಿಕೊಂಡು ಹೋಗಿ ಗುಜರಿಗೆ ಹಾಕಿದ್ದರು. ಇಬ್ಬರು ಸತ್ತ ಗಾಡಿಯನ್ನು ಗುಜರಿಗೆ ಹಾಕಲು ಅವರಿಗೆ ಪುರುಸೊತ್ತಿತ್ತು. ಬ್ರೇಕು ಮಾಡಿಸಲು ಇರಲಿಲ್ಲ.

ಮುಂದಿನ ಭಾನುವಾರ ಮೇಡಂ ನಮ್ಮ ಲೈನಿಗೆ ಬಂದರು. ನೇರ ಭಾವನ ಮನೆ ಬಾಗಿಲಿಗೆ ಹೋಗಿ, "ಒಂದ್ಸಲ ಆ ತಿರುವಿನ ತನಕ ಬನ್ನಿ" ಎಂದರು. ಭಾವ, "ನಮ್ಗೆ ಎಂತ ಗೊತ್ತಾಗ್ತದೆ ಮೇಡಂ, ಓದಿದವ್ರಲ್ಲ" ಎಂದು ಮುಖ ತಿರುಗಿಸಿದರು. "ಓದೋದೇನಿಲ್ಲ. ಕಲ್ಲು ಎಸೆಯೋಕೆ ಬರುತ್ತಲ್ಲ?" ಎಂದರು ಮೇಡಂ. ಭಾವ ಬಂದರು. ಲೈನಿನ ಅರ್ಧ ಜನ ಹಿಂದೆ ಬಂದರು.

ರಸ್ತೆಯ ಅಂಚಿನಲ್ಲಿ ನಿಲ್ಲಿಸಿ, ಕಲ್ಲನ್ನು ಅಡ್ಡಕ್ಕೆ ಮೆಲ್ಲಗೆ ಎಸೆಯಲು ಹೇಳಿದರು. ಅದು ಪಟ್ಟೆಯಲ್ಲಿ, ಗಾಜಿನ ಚೂರುಗಳ ಸುತ್ತಮುತ್ತ ಬಿತ್ತು. "ಈಗ ಇರೋ ಶಕ್ತಿಯೆಲ್ಲ ಹಾಕಿ." ಭಾವ ಕೈ ಬೀಸಿದರು. ಹೆಂಡತಿ ಸತ್ತಾಗಿನಿಂದ ಇಟ್ಟುಕೊಂಡಿದ್ದ ಕೋಪವೆಲ್ಲ ಆ ಕಲ್ಲಿನ ಹಿಂದಿತ್ತು. ಅದು ಹಳ್ಳ ದಾಟಿ ಏಲಕ್ಕಿ ಗಿಡಗಳ ನಡುವೆ ಬಿದ್ದ ಸದ್ದು ಕೇಳಿಸಿತು.

"ಗಾಡಿ ಮೊದಲು ಬಿದ್ದದ್ದೆಲ್ಲಿ, ನೀವೇ ಹುಡುಕಿ" ಎಂದರು ಮೇಡಂ.

ಭಾವ ಇಳಿದರು. ಬಗೆದ ನೆಲದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಒಂದು ಗಾಜಿನ ಚೂರು ಎತ್ತಿ ಮೇಲೆ ರಸ್ತೆಯ ಕಡೆ ನೋಡಿದರು. ಆಮೇಲೆ ಹಳ್ಳದ ಕಡೆ ನೋಡಿದರು.

"ಅವ್ನು ನಿಧಾನಕ್ಕೇ ಬಂದಿದ್ದ" ಎಂದರು. ಮತ್ತೆ, ಮೇಲಿದ್ದವರಿಗೆಲ್ಲ ಕೇಳುವ ಹಾಗೆ, "ನಿಧಾನಕ್ಕೇ ಬಂದಿದ್ದ ಮಾರಾಯ್ರೆ! ಬ್ರೇಕ್ ಹಿಡಿಯಲ್ಲ ಅಂತ ಬಾಯಿ ಬಡ್ಕೊಂಡ್ರೂ ಅದೇ ಗಾಡಿ ಕೊಟ್ಟು ಕೊಂದಿದಾರೆ ಇಬ್ರನ್ನೂ!"

ಅವತ್ತು ಸಂಜೆ ಭಾವ ನಮ್ಮ ಅಂಗಳಕ್ಕೆ ಬಂದು, ಉಗಿದಿದ್ದ ಜಾಗದಲ್ಲೇ ನಿಂತು, ಅಮ್ಮನಿಗೆ ಕೈಮುಗಿದರು. ಮರುದಿನ ಲೈನಿನವರು ಯಾರೂ ಕೆಲಸಕ್ಕೆ ಇಳಿಯಲಿಲ್ಲ. ಬೇರೆ ಗಾಡಿ ಬರುವವರೆಗೂ ಇಳಿಯಲಿಲ್ಲ. ಹಣ್ಣು ಗಿಡದಲ್ಲೇ ಒಣಗಿತು.

ಸಾಹುಕಾರರಿಗೆ ಆಗ ಬಿಸಿ ತಟ್ಟಿತು. ಅವರು ನಮ್ಮ ಕಾಲೇಜಿನ ಅಭಿವೃದ್ಧಿ ಸಮಿತಿಯ ಅಧ್ಯಕ್ಷರೂ ಆಗಿದ್ದರು. ಸ್ಟಾಫ್ ರೂಮಿಗೆ ಬಂದರು. ಪ್ರಿನ್ಸಿಪಾಲರು ನನ್ನನ್ನೂ ಕರೆಸಿದ್ದರು. ನಾನೇ ಮೇಡಂ ಅವರನ್ನು ಇದಕ್ಕೆ ಎಳೆದು ತಂದವಳು ಎಂದು ನನ್ನ ಬಾಯಿಂದಲೇ ಹೇಳಿಸುವುದಕ್ಕಿರಬೇಕು.

"ನೀವು ಹೊರಗಿನಿಂದ ಬಂದವ್ರು ಮೇಡಂ. ನಾವೂ ಆಳುಗಳೂ ಇಲ್ಲಿ ಒಂದೇ ಮನೆಯವ್ರ ಹಾಗೆ ಇದೀವಿ. ಮಧ್ಯ ಬಂದು ಒಡೀಬೇಡಿ" ಎಂದರು ಸಾಹುಕಾರರು. ದನಿ ಬಹಳ ಮೃದುವಾಗಿತ್ತು. ನಮ್ಮ ಕಡೆಯ ದೊಡ್ಡವರು ಗದರುವುದೇ ಇಲ್ಲ, ಅದರ ಅಗತ್ಯ ಅವರಿಗೆ ಬಿದ್ದಿಲ್ಲ.

"ಒಂದೇ ಮನೆಯವ್ರಾದ್ರೆ ಆ ಗಾಡೀಲಿ ನಿಮ್ಮ ಮಕ್ಕಳನ್ನ ಕೂರಿಸ್ತಿದ್ರಾ?" ಎಂದು ಕೇಳಿದರು ಮೇಡಂ.

ಪ್ರಿನ್ಸಿಪಾಲರು ಕಿಟಕಿಯ ಕಡೆ ನೋಡಿದರು. ಸಾಹುಕಾರರು ಕಾಫಿ ಕುಡಿದು ಮುಗಿಸಿ ಎದ್ದು ಹೋದರು.

ವರ್ಷದ ನಡುವೆಯೇ ಮೇಡಂಗೆ ವರ್ಗವಾಯಿತು, ಬೀದರಿನ ಕಡೆಗೆ. ನಮ್ಮ ಪಾಠಗಳು ಅರ್ಧಕ್ಕೇ ನಿಂತವು, ಆ ವರ್ಷ ಫಿಸಿಕ್ಸಿಗೆ ಬೇರೆ ಯಾರೂ ಬರಲಿಲ್ಲ. ಕೇಸು ಮುಚ್ಚಿಹೋಯಿತು. ಸರ್ಕಾರದ ದಫ್ತರದಲ್ಲಿ ಇವತ್ತಿಗೂ ನನ್ನ ಅಪ್ಪ ಅತಿವೇಗದಿಂದ ಇಬ್ಬರನ್ನು ಕೊಂದವನೇ. ಆ ಇಬ್ಬರಲ್ಲಿ ಒಬ್ಬ ಅವನೇ ಎಂಬುದು ಬರೆದವರಿಗೆ ವಿಚಿತ್ರ ಅನ್ನಿಸಲೂ ಇಲ್ಲ.

ಬಸ್ಸು ಹತ್ತಿಸಲು ಹೋಗಿದ್ದೆ. ತಪ್ಪಾಯಿತು ಮೇಡಂ, ನನ್ನಿಂದ ನಿಮಗೆ ಹೀಗಾಯಿತು ಎಂದೆ. ಕಿವಿ ಕೆಂಪಾಯಿತು. "ನಿನ್ನಿಂದ ಏನೂ ಆಗಿಲ್ಲ. ಯಾರಿಂದ ಆಯ್ತೋ ಅವ್ರ ಹೆಸ್ರು ಸರಿಯಾಗಿ ಹೇಳೋದು ಕಲಿ" ಎಂದು ಬೈದರು. ಬಸ್ಸು ಹೊರಟಿತು. ಆಮೇಲೆ ಫೋನಿನಲ್ಲಿ ಮಾತ್ರ ಸಿಕ್ಕರು. ನಾನು ಬಿ.ಎಸ್ಸಿ. ಮುಗಿಸಿದ್ದು, ವಸ್ತಾರೆಯ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದದ್ದು, ಎಲ್ಲವನ್ನೂ ಅವರಿಗೇ ಮೊದಲು ಹೇಳಿದೆ. ಕ್ಯಾನ್ಸರ್ ಆಗಿದ್ದನ್ನು ಮಾತ್ರ ಅವರು ನನಗೆ ಹೇಳಲಿಲ್ಲ. ಹೋದ ಮೇಲೆ ಅವರ ತಂಗಿ ಫೋನು ಮಾಡಿದರು.

ನಮ್ಮ ಹಳೇ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಹೋದೆ. ಸಾಹುಕಾರರಿಗೆ ಈಗ ವಯಸ್ಸಾಗಿದೆ. ಅಧ್ಯಕ್ಷತೆ ಅವರದೇ. ಫೋಟೋಕ್ಕೆ ಹಾರ ಹಾಕಿ ಮೈಕಿನ ಮುಂದೆ ನಿಂತು, "ಮೇಡಂ ಬಹಳ ಸೌಮ್ಯ ಸ್ವಭಾವದವರು. ತಾವಾಯ್ತು ತಮ್ಮ ಪಾಠವಾಯ್ತು. ನಮ್ಮ ಊರನ್ನು ಬಹಳ ಹಚ್ಚಿಕೊಂಡಿದ್ದರು. ತಾವೇ ಇಷ್ಟಪಟ್ಟು ವರ್ಗ ತಗೊಂಡು ಹೋದಾಗ ನಮಗೆಲ್ಲ ಬೇಜಾರಾಗಿತ್ತು" ಎಂದರು.

ನಾನು ಎದ್ದು ನಿಂತೆ.

"ಸುಳ್ಳು" ಎಂದೆ.

ನಿರೂಪಣೆ ಮಾಡುತ್ತಿದ್ದವರು, ಕೊನೆಯಲ್ಲಿ ಅವಕಾಶ ಕೊಡುತ್ತೇವೆ ಮೇಡಂ, ಕೂತುಕೊಳ್ಳಿ ಎಂದರು. ನಾನು ಕೂರಲಿಲ್ಲ. ಮೈಕಿಲ್ಲದೆಯೇ ಹೇಳಿದೆ. ಇಳಿಜಾರು, ಬ್ರೇಕು, ಐದು ಮೀಟರ್ ಎತ್ತರ, ಆರು ಮೀಟರ್ ದೂರ, ಗುಜರಿಗೆ ಹೋದ ಗಾಡಿ, ವರ್ಗ. ಸಾಹುಕಾರರು ಅದೇ ಮೃದು ದನಿಯಲ್ಲಿ, "ಈಗ ಯಾಕಮ್ಮ ಅದೆಲ್ಲ? ಸತ್ತವ್ರ ಎದುರಿಗೆ?" ಎಂದರು.

"ಸತ್ತವ್ರ ಮೇಲೆ ಸುಳ್ಳು ಹೇಳೋದು ನಿಮ್ಗೆ ಇದು ಎರಡನೇ ಸಲ" ಎಂದೆ.

ಸಾಹುಕಾರರು ಮೈಕು ಬಿಟ್ಟು ಹಿಂದೆ ಸರಿದರು. ಅವರ ಡ್ರೈವರ್ ಕೈ ಹಿಡಿದು ವೇದಿಕೆ ಇಳಿಸಿದ. ಅವರ ಹಿಂದೆ ಹತ್ತಾರು ಜನ ಎದ್ದು ಹೋದರು. ಉಳಿದವರಲ್ಲಿ ಹೆಚ್ಚಿನವರು ಈಗ ಅಲ್ಲಿ ಓದುತ್ತಿರುವ ಮಕ್ಕಳು, ಮೇಡಂ ಅವರನ್ನು ಎಂದೂ ನೋಡದವರು. ಅವರ ಕಡೆ ತಿರುಗಿದೆ. ಮೇಡಂ ಎಂಥ ಸಿಟ್ಟಿನವರಾಗಿದ್ದರು, ಯಾವ ಯಾವುದಕ್ಕೆ ಸಿಟ್ಟಾಗುತ್ತಿದ್ದರು, ಆ ಸಿಟ್ಟಿನಲ್ಲಿ ನನಗೆ ಏನೇನು ಮಾಡಿಕೊಟ್ಟರು ಎಂದು ಮೊದಲಿನಿಂದ ಹೇಳತೊಡಗಿದೆ. ಯಾರೂ ನನ್ನನ್ನು ಕೂರಲು ಹೇಳಲಿಲ್ಲ.